ನಾಲ್ಕನೇ ನಂಬರಿನ ಮೂರನೇ ಮೋಟಾರು

ನಾಲ್ಕನೇ ನಂಬರಿನ ಡ್ರೋನನ್ನು ಹಾರಲು ಬಿಡಬಾರದು ಎಂದು ನನಗೆ ಅನಿಸಿದಾಗ ಒಂದೇ ಒಂದು ತೊಡಕಿತ್ತು. ಅದನ್ನು ಹಾರಿಸುತ್ತಿದ್ದ ಪೈಲಟ್‌ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅದು ಇಡೀ ಆಫೀಸಿಗೆ ಗೊತ್ತಿತ್ತು.

ನಮ್ಮದು ಹೊಲಗಳಿಗೆ ಡ್ರೋನಿನಿಂದ ಔಷಧ ಹೊಡೆಯುವ ಕಂಪನಿ. ಆಫೀಸು ನರಗುಂದದಲ್ಲಿ, ಗುಡ್ಡದ ಬುಡದಲ್ಲಿರುವ ಒಂದು ಹಳೆಯ ಕಾಳಿನ ಗೋದಾಮಿನಲ್ಲಿ. ಡ್ರೋನುಗಳು ನರಗುಂದ, ರೋಣ, ಗಜೇಂದ್ರಗಡ ಮೂರೂ ಕಡೆ ಇರುತ್ತವೆ. ಅವುಗಳಲ್ಲಿ ಇವತ್ತು ಯಾವುದು ಹಾರಬಹುದು, ಯಾವುದು ಹಾರಬಾರದು ಎಂದು ಹೇಳುವುದು ನನ್ನ ಕೆಲಸ. ಇದೇ ಕೆಲಸವನ್ನು ಮೊದಲು ಒಂದು ವಿಮಾನ ಕಂಪನಿಯಲ್ಲಿ ಮಾಡುತ್ತಿದ್ದೆ. ಅಲ್ಲಿ ಇದಕ್ಕೆ ಮೇಂಟೆನೆನ್ಸ್ ಕಂಟ್ರೋಲ್ ಎನ್ನುತ್ತಿದ್ದರು. ಇಲ್ಲಿ ನನ್ನನ್ನು ‘ಬ್ಯಾಡ ಅನ್ನೋ ಸಾಹೇಬ್ರು’ ಎನ್ನುತ್ತಾರೆ, ನನ್ನ ಬೆನ್ನ ಹಿಂದೆ.

ವಿಮಾನದ ರೂಢಿಯನ್ನೇ ಇಲ್ಲಿಯೂ ತಂದಿದ್ದೆ. ಬೆಳಿಗ್ಗೆ ಪ್ರತಿ ಪೈಲಟ್ ಯಂತ್ರ ನೋಡಿ ನನಗೆ ಫೋನ್ ಮಾಡಬೇಕು. ಸಂಜೆ ಹಾರಾಟದ ದಾಖಲೆ ನನ್ನ ಕಂಪ್ಯೂಟರಿಗೆ ಬರಬೇಕು. ದೋಷಗಳಲ್ಲಿ ಎರಡು ಜಾತಿ. ಔಷಧ ಬೀಳುವ ನಳಿಗೆಯೊಂದು ಕಟ್ಟಿಕೊಂಡಿದೆ, ದೀಪ ಉರಿಯುತ್ತಿಲ್ಲ, ಇಂಥವಕ್ಕೆ ಗಡುವು ಕೊಟ್ಟು ಹಾರಲು ಬಿಡುತ್ತೇನೆ. ಮೋಟಾರು, ಬ್ಯಾಟರಿ, ಮೋಟಾರಿನ ಮೇಲೆ ತಿರುಗುವ ರೆಕ್ಕೆ, ಇವುಗಳಲ್ಲಿ ಏನಾದರೂ ಆದರೆ ಕೆಂಪು ಪಟ್ಟಿ ಕಟ್ಟಿ ನಿಲ್ಲಿಸುತ್ತೇನೆ. ಪಟ್ಟಿ ಬಿಚ್ಚುವ ಹಕ್ಕು ನನ್ನೊಬ್ಬನದೇ. ಮಾಲಕರೂ ಅದಕ್ಕೆ ಕೈ ಹಾಕುವಂತಿಲ್ಲ. ಕಷ್ಟ ಬರುವುದು ಈ ಎರಡು ಜಾತಿಗಳ ನಡುವೆ, ದೋಷ ಇದೆಯೋ ಇಲ್ಲವೋ ಎಂದೇ ತಿಳಿಯದಾಗ.

ಇನ್ನು ನಾಲ್ಕನೇ ನಂಬರನ್ನು ಹಾರಿಸುವ ರೋಣದ ಪೈಲಟ್. ಅವನ ಅಜ್ಜ ಸುತ್ತಲಿನ ಹಳ್ಳಿಗಳಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಹಾಗಾಗಿ ಬೆಳವಣಕಿಯಿಂದ ಅಬ್ಬಿಗೇರಿಯವರೆಗೆ ಇವನಿಗೆ ಗೊತ್ತಿಲ್ಲದ ಅಡುಗೆಮನೆಯೇ ಇಲ್ಲ. ನಮ್ಮ ಅಪ್ಪ ಅದೇ ಹಳ್ಳಿಗಳಿಗೆ ಬೀಜ, ಗೊಬ್ಬರ ಮಾರಿದವರು. ಆದರೆ ನನ್ನನ್ನು ಕಂಡರೆ ಜನ ನಮಸ್ಕಾರ ಮಾಡಿ ಸುಮ್ಮನಾಗುತ್ತಾರೆ. ಅವನನ್ನು ಕಂಡರೆ ಕೈಹಿಡಿದು ಕೂರಿಸಿ ರೊಟ್ಟಿ, ಮೊಸರು ಕೊಡುತ್ತಾರೆ. ಹೊಲದ ಬದುವಿನಲ್ಲಿ ಅವನು ಡ್ರೋನ್ ಎಬ್ಬಿಸಿದರೆ ಕಳೆ ತೆಗೆಯುವ ಹೆಂಗಸರು ಸೀರೆಯ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಾರೆ. ಮಾಲಕರ ಫೋನಿನ ಪರದೆಯ ಮೇಲೆ ಇರುವುದು ಅವನು ಕಡಲೆ ಹೊಲದಲ್ಲಿ ನಿಂತ ಚಿತ್ರ. ಅವರ ಸ್ವಂತ ಮಗನ ಚಿತ್ರವೂ ಅಲ್ಲಿಲ್ಲ. ಆ ಫೋನ್ ಮೇಜಿನ ಮೇಲೆ ಬೆಳಗಿದಾಗಲೆಲ್ಲ ನಾನು ಕಂಪ್ಯೂಟರಿನ ಕಡೆ ತಿರುಗಿಬಿಡುತ್ತಿದ್ದೆ.

ಅವನು ಕೆಟ್ಟವನಾಗಿದ್ದರೆ ಎಷ್ಟೋ ಅನುಕೂಲವಿತ್ತು. ಆಗಿರಲಿಲ್ಲ. ಅವನ ಕೈ ನಿಜವಾಗಿಯೂ ಚೆನ್ನಾಗಿತ್ತು. ತಂತಿಗಳ ನಡುವೆ, ಬೇವಿನ ಗಿಡಗಳ ಸಂದಿಯಲ್ಲಿ ಅವನು ಹಾರಿಸುವ ರೀತಿ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ನಾನು ಪೈಲಟ್ ಪರೀಕ್ಷೆಗೆ ಕೂತು ಎರಡು ಸಲ ಡ್ರೋನನ್ನು ಬೇಲಿಗೆ ಸಿಕ್ಕಿಸಿದವನು. ಈ ಸಂಗತಿಯೂ ಇಡೀ ಆಫೀಸಿಗೆ ಗೊತ್ತು.

ಎಳ್ಳ ಅಮಾವಾಸ್ಯೆ ಬಂತು. ಎಲ್ಲರೂ ರಜೆ ಹಾಕಿದರು. ನಾನು ಒಬ್ಬನೇ ಆಫೀಸಿನಲ್ಲಿ ಕೂತು ಬ್ಯಾಟರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಹಬ್ಬ ಕಳೆದು ಕಡಲೆಗೆ ಕಾಯಿಕೊರಕ ಹುಳ ಕಾಣಿಸಿಕೊಂಡಿತು. ಎಲ್ಲ ಕಡೆಯಿಂದ ಕರೆಗಳು ಶುರುವಾದವು. ಕೆಲವು ದಿನಗಳ ನಂತರ, ಒಂದು ಸಂಜೆ ದಾಖಲೆಗಳನ್ನು ನೋಡುತ್ತಿದ್ದಾಗ ನಾಲ್ಕನೇ ನಂಬರಿನ ಮೂರನೇ ಮೋಟಾರಿನ ಕರೆಂಟಿನ ಗೆರೆ ಉಳಿದವಕ್ಕಿಂತ ಸ್ವಲ್ಪ ಮೇಲೆ ಕಂಡಿತು.

ನಮ್ಮ ಡ್ರೋನಿಗೆ ಆರು ಮೋಟಾರುಗಳು. ಭಾರವನ್ನು ಆರೂ ಸಮನಾಗಿ ಹೊರಬೇಕು. ಒಂದು ಹೆಚ್ಚು ಕರೆಂಟು ಎಳೆಯುತ್ತಿದೆ ಎಂದರೆ ಅದಕ್ಕೆ ತಿರುಗಲು ಕಷ್ಟವಾಗುತ್ತಿದೆ ಎಂದರ್ಥ. ಮೂರನೆಯದು ಹಾರಾಟದ ಮೊದಲ ಭಾಗದಲ್ಲಿ ಉಳಿದವುಗಳ ಜೊತೆಗೇ ಇತ್ತು. ಬಿಸಿಯಾದ ಮೇಲೆ ಮಾತ್ರ ಏರುತ್ತಿತ್ತು. ತಯಾರಕರು ಹೇಳಿದ ಮಿತಿಯ ಒಳಗೇ ಇತ್ತು, ಆದರೆ ಪ್ರತಿ ದಿನ ಕೂದಲೆಳೆಯಷ್ಟು ಮೇಲೆ ಸರಿಯುತ್ತಿತ್ತು.

ಅದನ್ನು ನೋಡಿದಾಗ ನನಗೆ ಮೊದಲು ಆದದ್ದು ಚಿಂತೆಯಲ್ಲ, ಸಂತೋಷ. ಅವನ ಯಂತ್ರ ಕೆಟ್ಟಿದೆ! ಆಮೇಲೆ ಆ ಸಂತೋಷಕ್ಕೇ ಹೆದರಿದೆ. ಇಷ್ಟು ಸಣ್ಣ ಏರಿಕೆ ಗಜೇಂದ್ರಗಡದ ಡ್ರೋನಿನಲ್ಲಿ ಕಂಡಿದ್ದರೆ ನಾನು ನಿಲ್ಲಿಸುತ್ತಿದ್ದೆನೆ? ಹೌದು ಎಂದು ಎದೆ ಮುಟ್ಟಿ ಹೇಳಲಾಗಲಿಲ್ಲ. ಕಂಟ್ರೋಲ್ ಕೆಲಸದವನಿಗೆ ಕಣ್ಣೇ ಬಂಡವಾಳ. ಆ ಕಣ್ಣಲ್ಲೇ ಕಸ ಬಿದ್ದಿದ್ದರೆ ಯಾರನ್ನು ಕೇಳುವುದು?

ನಮ್ಮಲ್ಲಿ ಗಜೇಂದ್ರಗಡದ ಒಬ್ಬಳು ಹುಡುಗಿ ತಂತ್ರಜ್ಞೆಯಾಗಿದ್ದಳು, ಡಿಪ್ಲೊಮಾ ಮಾಡಿದವಳು. ಅವಳನ್ನು ಕರೆದು, ಎಲ್ಲ ಡ್ರೋನುಗಳ ಗೆರೆಗಳನ್ನೂ ನಂಬರು ತೆಗೆದು, ಅದಲುಬದಲು ಮಾಡಿ ತೋರಿಸು ಎಂದೆ. ತೋರಿಸಿದಳು. ನಾನು ಒಂದರ ಮೇಲೆ ಬೆರಳಿಟ್ಟೆ. ಅದು ನಾಲ್ಕನೆಯದೇ ಆಗಿತ್ತು.

“ನೋಡು, ನಂಬರ ಇಲ್ದನೂ ಇದನ್ನ ಹಿಡದೆ” ಎಂದೆ.

“ಸರ್ರ, ನೀವು ದಿನಾ ಅದನ್ನ ನೋಡ್ಕೋತ ಕುಂದರ್ತೀರಿ. ಬಾಯಿಪಾಠ ಆಗಿರ್ತದ ಬಿಡ್ರಿ” ಎಂದಳು.

ನನ್ನ ನಿಷ್ಪಕ್ಷಪಾತದ ಪರೀಕ್ಷೆ ಅಲ್ಲಿಗೆ ಮುಗಿಯಿತು. ನಾನು ರೋಣಕ್ಕೆ ಫೋನ್ ಮಾಡಿದೆ.

“ಮೂರನೇ ಮೋಟಾರು ಹ್ಯಾಂಗದ? ಸಪ್ಪಳ ಏನರ ಬರ್ತದೇನು?”

“ಏನೂ ಇಲ್ರಿ ಸರ್ರ. ಹಕ್ಕಿ ಭಾಳ ಚಲೋ ಐತ್ರಿ. ಇವತ್ತ ಬೆಳವಣಕ್ಯಾಗ ಹೊಡದ್ವಿ, ಗೌಡ್ರು ಖುಷಿ ಆಗ್ಯಾರ.”

“ಗೌಡ್ರು ಖುಷಿ ಆದದ್ದು ಕೇಳಿಲ್ಲ ನಾ. ಯಂತ್ರ ನರಗುಂದಕ್ಕ ತಗೊಂಡು ಬಾ.”

“ನಾಡದು ಅಬ್ಬಿಗೇರಿ ಐತಲ್ರಿ ಸರ್ರ” ಎಂದ.

ಅಬ್ಬಿಗೇರಿಯ ವಿಷಯ ನನಗೂ ಗೊತ್ತಿತ್ತು. ಅಲ್ಲಿಯ ರೈತರ ಗುಂಪು ಈ ಹಂಗಾಮಿನ ತಮ್ಮ ಕಡಲೆಗೆಲ್ಲ ಯಾರಿಂದ ಹೊಡೆಸಬೇಕೆಂದು ನೋಡಿ ತೀರ್ಮಾನಿಸುವುದಿತ್ತು. ಊರ ಮುಂದಿನ ಹೊಲದಲ್ಲಿ, ಎಲ್ಲರೆದುರು ಹಾರಿಸಿ ತೋರಿಸಬೇಕು. ಹಾರಿಸುವವನು ಅವನೇ. ಹೊಲದಂಚಿನಲ್ಲಿ ಹೆಂಗಸರು, ಮಕ್ಕಳು, ಮುದುಕರು ಕಿಕ್ಕಿರಿದಿರುತ್ತಾರೆ. ತುಂಬಿದ ಟಾಕಿಯ ಡ್ರೋನ್ ಅವರ ತಲೆಯ ಹತ್ತಿರದಿಂದ ಹೋಗುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಆ ಚಿತ್ರ. ನನ್ನ ಹೊಟ್ಟೆಕಿಚ್ಚು ಸುಳ್ಳೇ ಹೇಳುತ್ತಿರಬಹುದು, ಆದರೆ ಖರೇ ಹೇಳುತ್ತಿದ್ದರೆ?

ಮರುದಿನ ಬೆಳಿಗ್ಗೆ ಅವನು ಡ್ರೋನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಇಳಿಸುತ್ತಲೇ ನಾನು ಅದಕ್ಕೆ ಕೆಂಪು ಪಟ್ಟಿ ಕಟ್ಟಿದೆ. ಮಾಲಕರೂ ಬಂದರು. ಗೋದಾಮಿನ ಅಂಗಳದಲ್ಲಿ ಪರೀಕ್ಷೆ ಶುರು ಮಾಡಿದೆವು. ಮೊದಲು ರೆಕ್ಕೆ ಕಳಚಿ ಮೂರನೇ ಮೋಟಾರನ್ನು ಕೈಯಿಂದ ತಿರುಗಿಸಿದೆ. ತಡೆಯಿಲ್ಲದೆ ತಿರುಗಿತು. ಅಲುಗಾಡಿಸಿ ನೋಡಿದೆ, ಸಡಿಲ ಇರಲಿಲ್ಲ. ತಂತಿಗಳ ಬೆಸುಗೆ, ತಿರುಪು ಎಲ್ಲ ಸರಿ. ರೆಕ್ಕೆಯ ತೂಕ ಸಮ. ಖಾಲಿ ಟಾಕಿಯಲ್ಲಿ ಎಬ್ಬಿಸಿ ನಿಲ್ಲಿಸಿ ನೋಡಿದೆವು. ಆರೂ ಗೆರೆಗಳು ಒಂದೇ ಸಾಲಿನಲ್ಲಿ ನಿಂತವು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ.

ಮಾಲಕರು ನಕ್ಕರು. “ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ. ಬೇಲಿಗೆ ಸಿಗಿಸಿದವ್ರಿಗೆ ಎಲ್ಲಾರ ಡ್ರೋನೂ ಕೆಟ್ಟಂಗ ಕಾಣ್ತಾವೇನ್ರಿ ಸಾಹೇಬ್ರ?”

ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ನನ್ನ ಮೇಲೆ ದಯೆ ತೋರಿಸಲು ಇವನು ಯಾರು?

“ಪಟ್ಟಿ ಬಿಚ್ರಿ, ನಾಳಿಗೆ ಹೋಗಬೇಕು” ಎಂದರು ಮಾಲಕರು.

ವಿಮಾನದ ಕೆಲಸದಲ್ಲಿ ಇಂಥ ಗಳಿಗೆ ಬಹಳ ಸಲ ಬರುತ್ತದೆ. ಪೈಲಟ್ ಸಪ್ಪಳ ಕೇಳಿದೆ ಎನ್ನುತ್ತಾನೆ, ನೆಲದ ಮೇಲೆ ನೋಡಿದರೆ ಏನೂ ಇರುವುದಿಲ್ಲ. ‘ದೋಷ ಕಾಣಲಿಲ್ಲ’ ಎಂದು ಬರೆದು ಬಿಟ್ಟುಬಿಡುವುದು ಸುಲಭ. ಅಲ್ಲಿ ನನಗೆ ಕಲಿಸಿದ ಹಿರಿಯರೊಬ್ಬರು, ದೋಷ ಕಾಣದಿದ್ದರೆ ದೋಷ ಇರುವ ಪರಿಸ್ಥಿತಿಯನ್ನು ನೀನು ಇನ್ನೂ ತಂದಿಲ್ಲ ಎಂದೇ ತಿಳಿ ಎನ್ನುತ್ತಿದ್ದರು. ಮೋಟಾರು ಕಷ್ಟಪಟ್ಟದ್ದು ಬಿಸಿಯಾದಾಗ, ಭಾರ ಹೊತ್ತಾಗ. ನಾವು ನೋಡಿದ್ದು ತಣ್ಣಗಿದ್ದಾಗ, ಖಾಲಿ ಇದ್ದಾಗ.

“ಟಾಕಿ ತುಂಬ ನೀರು ಹಾಕಿ, ಬ್ಯಾಟರಿ ಮುಗಿಯೂತನಾ ಎಬ್ಬಿಸಿ ನಿಲ್ಲಸ್ಬೇಕು. ಒಂದ ಬ್ಯಾಟರಿ ಅಲ್ಲ, ತಣ್ಣಗಾಗಾಕ ಬಿಡದ ಮ್ಯಾಲಿಂದ ಮ್ಯಾಲೆ. ಅಲ್ಲೀತನಾ ಪಟ್ಟಿ ಬಿಚ್ಚೂದಿಲ್ಲ” ಎಂದೆ.

ಮಾಲಕರ ನಗು ನಿಂತಿತು. “ಆತು. ಮಾಡ್ರಿ. ಆದ್ರ ಒಂದು ಮಾತು ಕೇಳ್ರಿ. ಇದು ಚಲೋ ಹಾರಿತು ಅಂದ್ರ ನಾಳಿಯಿಂದ ಹಾರಸೂದು ಬಿಡೂದು ಪೈಲಟ್‌ಗಳ ಕೈಯಾಗ. ನೀವು ಬರೇ ರಿಪೇರಿ ನೋಡ್ಕೊಂಡಿರ್ರಿ.”

ನನ್ನ ಇಡೀ ಕೆಲಸ ಇದ್ದದ್ದು ಆ ‘ಬೇಡ’ ಎನ್ನುವ ಹಕ್ಕಿನಲ್ಲಿ. ಅದು ಹೋದರೆ ನಾನು ಸ್ಕ್ರೂಡ್ರೈವರ್ ಹಿಡಿದ ಒಬ್ಬ ಮನುಷ್ಯ. ಅದಕ್ಕಿಂತ ಹೆಚ್ಚಾಗಿ, ಹಕ್ಕು ಹೋಗುವುದು ಅವನ ಕೈಗೆ. ಆದರೂ ಆಗಲಿ ಎಂದೆ. ಆ ಗಳಿಗೆಯಲ್ಲಿ ನನ್ನನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಧೈರ್ಯವೋ ಮತ್ಸರವೋ ಎಂದು ಇವತ್ತಿಗೂ ನಾನು ಬೇರ್ಪಡಿಸಿ ಹೇಳಲಾರೆ. ಎರಡೂ ಸೇರಿ ಎಳೆದಿರಬೇಕು.

ಊರ ಹೊರಗೆ ಬೆಳೆ ತೆಗೆದ ಮೆಕ್ಕೆಜೋಳದ ಹೊಲವೊಂದಿತ್ತು. ಸುತ್ತ ಯಾರೂ ಬಾರದಂತೆ ನಾಲ್ಕೂ ಕಡೆ ಜನ ನಿಲ್ಲಿಸಿದೆ. ಯಾರು ಹಾರಿಸುವುದು ಎಂಬ ಪ್ರಶ್ನೆ ಬರುವ ಮೊದಲೇ ಅವನು ರಿಮೋಟು ಎತ್ತಿಕೊಂಡ. “ನಾನ ಹಾರಸ್ತೀನ್ರಿ. ನನ್ನ ಹಕ್ಕಿ.”

ಮೊದಲ ಬ್ಯಾಟರಿ ಮುಗಿಯಿತು. ಏನೂ ಆಗಲಿಲ್ಲ. ಎರಡನೆಯದು ಹಾಕಿದೆವು. ತುಂಬಿದ ಟಾಕಿಯ ಡ್ರೋನನ್ನು ಅವನು ಎತ್ತಿ ಮನುಷ್ಯನ ಎದೆಯೆತ್ತರದಲ್ಲಿ ನಿಲ್ಲಿಸಿದ. ಗಾಳಿ ಬೀಸುತ್ತಿತ್ತು, ಆದರೂ ಅದು ಮೊಳೆ ಹೊಡೆದಂತೆ ನಿಂತಿತ್ತು. ನಾನು ಪರದೆಯ ಮೇಲೆ ಗೆರೆ ನೋಡುತ್ತಿದ್ದೆ, ನಡುನಡುವೆ ಅವನ ಹೆಬ್ಬೆರಳುಗಳನ್ನು ನೋಡುತ್ತಿದ್ದೆ. ಅವು ಕದಲುತ್ತಿವೆ ಎಂದೇ ಗೊತ್ತಾಗುತ್ತಿರಲಿಲ್ಲ. ಇಂಥ ಕೈ ನನಗೇಕೆ ಕೊಡಲಿಲ್ಲ ಎಂದು ದೇವರ ಮೇಲೂ ಒಂದಿಷ್ಟು ಕೋಪ ಬಂತು.

ಆಗ ಮೂರನೇ ಗೆರೆ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಸರ್ರನೆ. ಅದರ ಜೊತೆಗೇ ಎಣ್ಣೆ ಕಾಣದ ಬಂಡಿಯ ಗಾಲಿಯಂಥ ಕೀರಲು ಸಪ್ಪಳ. “ಇಳಸು!” ಎಂದು ಕೂಗಿದೆ. ಕೂಗುವಷ್ಟರಲ್ಲಿ ಮೋಟಾರು ನಿಂತೇ ಹೋಯಿತು. ಡ್ರೋನ್ ಒಂದು ಕಡೆ ವಾಲಿ ಗಿರಗಿರನೆ ತಿರುಗಲು ಶುರು ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಮೇಲೆತ್ತಲು ಹೋಗಿ ತಲೆಕೆಳಗೆ ಮಾಡುತ್ತಿದ್ದರು. ಅವನು ತಿರುಗಲು ಬಿಟ್ಟ. ತಿರುಗುತ್ತಿದ್ದಂತೆಯೇ ಕೆಳಗಿಳಿಸಿ, ಮೆಕ್ಕೆಜೋಳದ ಕೂಳೆಗಳ ಮೇಲೆ ಧಪ್ಪನೆ ಕೂರಿಸಿದ. ಒಂದು ಕಾಲು ಮುರಿಯಿತು, ಟಾಕಿ ಒಡೆದು ನೀರು ಚೆಲ್ಲಿತು, ಅಷ್ಟೆ.

ಮಾಲಕರು ಓಡಿಬಂದು ಅವನ ಬೆನ್ನು ತಟ್ಟಿದರು. “ಏನ್ ಇಳಿಸಿದ್ಯೋ ತಮ್ಮಾ! ಖರೇನ ನಿನ್ನ ಕೈ ಕೈ!” ನಾಲ್ಕೂ ಕಡೆ ನಿಂತಿದ್ದವರು ಚಪ್ಪಾಳೆ ಹೊಡೆದರು. ನನ್ನ ಮಾತು ಖರೇ ಆಗಿತ್ತು, ಚಪ್ಪಾಳೆ ಅವನಿಗಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾನು ಕೇಳಿದ್ದೆ, ಮಣ್ಣಾಗದ ಮೀಸೆಗೆ ಜನ ಎಣ್ಣೆ ಹಚ್ಚುವುದನ್ನು ಅವತ್ತೇ ಕಂಡೆ.

ಮಾಲಕರು ಕೊನೆಗೆ ನನ್ನ ಕಡೆ ತಿರುಗಿ, “ಪಟ್ಟಿ ನಿಮ್ಮ ಹತ್ರನ ಇರ್ಲಿ ಸಾಹೇಬ್ರ” ಎಂದಷ್ಟೇ ಹೇಳಿದರು.

ಅಬ್ಬಿಗೇರಿಗೆ ಗಜೇಂದ್ರಗಡದಿಂದ ಎರಡನೇ ನಂಬರನ್ನು ತರಿಸಿದೆ. ಅದನ್ನು ಅದೇ ರೀತಿ ತುಂಬಿದ ಟಾಕಿಯಲ್ಲಿ ಬಿಸಿ ಮಾಡಿ ನೋಡಿಯೇ ಬಿಟ್ಟೆ. ಅವನೇ ಹಾರಿಸಿದ. ಊರ ಜನ ಅಂದುಕೊಂಡದ್ದಕ್ಕಿಂತ ಹತ್ತಿರ ಬಂದು ನಿಂತಿದ್ದರು. ಅವರನ್ನು ಹಿಂದೆ ಸರಿಸುವುದರಲ್ಲೇ ನನ್ನ ಹೊತ್ತು ಹೋಯಿತು. ಕೆಲಸ ನಮಗೇ ಸಿಕ್ಕಿತು. ಹಿರಿಯರೊಬ್ಬರು ಅವನಿಗೆ ಶಾಲು ಹೊದಿಸಿದರು. ಪಕ್ಕದಲ್ಲಿದ್ದ ನನಗೆ ಚಹ ಕೊಟ್ಟರು.

ಕೆಟ್ಟ ಮೋಟಾರನ್ನು ನಾನು ಅಲ್ಲಿಯವರೆಗೆ ಬಿಚ್ಚಿರಲಿಲ್ಲ. ಚೀಲದಲ್ಲಿ ಹಾಕಿ ಮುದ್ರೆ ಒತ್ತಿ ಇಟ್ಟಿದ್ದೆ. ಮುರಿದದ್ದನ್ನು ಎಲ್ಲರೆದುರು ಬಿಚ್ಚಬೇಕು ಎಂಬುದೂ ವಿಮಾನದ ರೂಢಿಯೇ. ಅಬ್ಬಿಗೇರಿಯಿಂದ ಬಂದ ಮರುದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಮಾಲಕರು, ಅವನು, ತಂತ್ರಜ್ಞೆ, ಉಳಿದ ಪೈಲಟ್‌ಗಳು ಸುತ್ತ ನಿಂತರು. ಕೇಳಬೇಕಾದ ಪ್ರಶ್ನೆಗಳನ್ನು ನಾನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದೆ. ಇವತ್ತು ಚಪ್ಪಾಳೆ ಇಲ್ಲ ಮಗನೇ ಎಂದುಕೊಂಡೆ.

ಮೋಟಾರಿನ ಮುಚ್ಚಳ ತೆಗೆದೆ. ಒಳಗಿನ ಬೇರಿಂಗು ತುಕ್ಕು ಹಿಡಿದು ಕೆಂಪಾಗಿತ್ತು. ಗ್ರೀಸಿನ ಸುಳಿವೇ ಇರಲಿಲ್ಲ. ತಣ್ಣಗಿದ್ದಾಗ ತಿರುಗುತ್ತಿದ್ದದ್ದು ಬಿಸಿಗೆ ಹಿಗ್ಗಿ ಹಿಡಿದುಕೊಂಡಿತ್ತು. ಯಾರೋ ಜೋರಾದ ನೀರು ಬಿಟ್ಟು ತೊಳೆದಿದ್ದಾರೆ ಎಂಬುದು ನೋಡಿದ ಕೂಡಲೇ ತಿಳಿಯಿತು. ಆದರೆ ತೊಳೆಯುವುದು ಏತಕ್ಕೆ? ತಂತಿಸುರುಳಿಯ ಸಂದಿಯಲ್ಲಿ ಅಂಟಂಟಾದ ಏನೋ ಒಣಗಿ ಕೂತಿತ್ತು. ಸೂಜಿಯಿಂದ ಎಬ್ಬಿಸಿ ಬಟ್ಟೆಯ ಮೇಲೆ ಹಾಕಿದೆ. ಬೆಲ್ಲ. ಬೆಲ್ಲದಲ್ಲಿ ಎಳ್ಳು.

“ಇದು ಔಷಧದಾಗ ಬರೂದಲ್ಲ” ಎಂದೆ.

ಅವನು ತಡಮಾಡಲಿಲ್ಲ. “ನಾನ ಮಾಡೇನ್ರಿ ಸರ್ರ. ಅಮಾಸಿ ದಿನ ಬೆಳವಣಕ್ಯಾಗ ಇದರಿಂದನ ಚರಗಾ ಚೆಲ್ಲಿದ್ವಿ.”

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಪೂಜೆ ಮಾಡಿ, ತಂದ ಅಡುಗೆಯಲ್ಲಿ ಒಂದು ಪಾಲನ್ನು ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತುತ್ತಾರೆ. ಅದು ಚರಗ. ಆಮೇಲೆ ಎಲ್ಲರೂ ಕೂತು ಊಟ. ಬೆಳವಣಕಿಯ ಗೌಡರಿಗೆ ಮೊಣಕಾಲು ನೋವು, ಹೊಲ ಸುತ್ತಲಾಗುತ್ತಿರಲಿಲ್ಲ. ಈ ಸಲ ನಿನ್ನ ಹಕ್ಕಿಯೇ ಚೆಲ್ಲಲಿ ಎಂದು ಅವರು ಕೇಳಿದರಂತೆ, ಇವನಿಗೆ ಇಲ್ಲ ಎನ್ನಲಾಗಲಿಲ್ಲವಂತೆ. ಗೊಬ್ಬರ ಎರಚುವ ಡಬ್ಬಿ ಕಟ್ಟಿ, ಕಡುಬು, ಎಳ್ಳು ಹೋಳಿಗೆ ಎಲ್ಲ ಪುಡಿ ಮಾಡಿ ತುಂಬಿದ್ದಾನೆ. ರೆಕ್ಕೆಯ ಗಾಳಿಗೆ ಪುಡಿಯೆಲ್ಲ ಮೇಲೆದ್ದು ಯಂತ್ರಕ್ಕೇ ಮೆತ್ತಿದೆ. ಮರುದಿನ ಇರುವೆ ಮುತ್ತಿದ್ದು ಕಂಡು, ರೋಣದ ಗಾಡಿ ತೊಳೆಯುವ ಅಂಗಡಿಗೆ ಒಯ್ದು ಪೈಪಿನಿಂದ ನೀರು ಹೊಡೆಸಿದ್ದಾನೆ.

“ತೊಳದದ್ದು ತಪ್ಪಾತ್ರಿ. ನಿಮಗ ಹೇಳಬೇಕಾಗಿತ್ತು. ಅಬ್ಬಿಗೇರ್ಯಾಗ ಇದ ಬಿದ್ದಿದ್ರ ಏನಾಗ್ತಿತ್ತು ಅಂತ ನಿನ್ನೆ ಅಲ್ಲಿ ಮಕ್ಕಳ್ನ ನೋಡಿದಾಗ ತಿಳೀತ್ರಿ ನನಗ” ಎಂದ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವನೇ ಮುಂದೆ! ಕೇಳಬೇಕೆಂದು ಜೋಡಿಸಿಟ್ಟ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅವನೇ ಉತ್ತರ ಹೇಳಿ ಮುಗಿಸಿದ್ದ.

“ಮತ್ತ ಯಾರ್ಯಾರು ಇದ್ರಿ ಅಲ್ಲಿ?” ಎಂದೆ.

ಮಾಲಕರು ಚಾವಣಿ ನೋಡಿದರು. “ನಾನೂ ಇದ್ನಿ ಬಿಡ್ರಿ” ಎಂದರು. ಗಜೇಂದ್ರಗಡದ ಪೈಲಟ್ ತಲೆ ತಗ್ಗಿಸಿದ. ನರಗುಂದದವನೂ ತಗ್ಗಿಸಿದ. ತಂತ್ರಜ್ಞೆ ಗಡಿಬಿಡಿಯಲ್ಲಿ, “ಗೌಡ್ರ ಮನಿಯವ್ರು ಒತ್ತಾಯ ಮಾಡಿ ಕರದ್ರಿ ಸರ್ರ. ಹೋಳಿಗಿ ಭಾಳ ಚಲೋ ಆಗಿದ್ವು” ಎಂದು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಎಲ್ಲರೂ ಇದ್ದರು. ನಾನು ಈ ಗೋದಾಮಿನಲ್ಲಿ ಬ್ಯಾಟರಿಗಳ ನಡುವೆ ಡಬ್ಬಿಯ ಅನ್ನ ತಿನ್ನುತ್ತಿದ್ದಾಗ, ಇವರೆಲ್ಲ ಬೆಳವಣಕಿಯ ಜೋಳದ ಹೊಲದಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾವು ಅಂಗಡಿಯವರು, ಹೊಲವಿಲ್ಲದವರು. ಆ ಹಬ್ಬದಲ್ಲಿ ಯಾರಾದರೂ ಕರೆದರೆ ನಮಗೆ ಚರಗ, ಇಲ್ಲದಿದ್ದರೆ ಅದೊಂದು ಬರೀ ಅಮಾವಾಸ್ಯೆ.

ಮಾಲಕರು ಸಮಾಧಾನದ ದನಿಯಲ್ಲಿ, “ಏನ ಕೇಳೂದೈತಿ ಕೇಳ್ರಿ ಸಾಹೇಬ್ರ. ಇವತ್ತ ನಿಮ್ಮ ದಿನ” ಎಂದರು.

ಪರವಾನಗಿ ಇಲ್ಲದೆ ಡಬ್ಬಿ ಕಟ್ಟಿದ್ದೇಕೆ, ತೊಳೆದದ್ದನ್ನು ಮುಚ್ಚಿಟ್ಟದ್ದೇಕೆ, ದಿನವೂ ಬೆಳಿಗ್ಗೆ ಫೋನಿನಲ್ಲಿ ಎಲ್ಲ ಚಲೋ ಎಂದದ್ದೇಕೆ. ಉಳಿದ ಪ್ರಶ್ನೆಗಳು ಬಾಯಿಯ ತನಕ ಬಂದು ನಿಂತವು. ನಾನು ಸೂಜಿ ಕೆಳಗಿಟ್ಟು ಅವನನ್ನೇ ನೋಡಿದೆ.

“ಊಟಕ್ಕ ನನ್ನನ್ನ ಯಾಕ ಕರೀಲಿಲ್ಲೋ?” ಎಂದೆ.

ಯಾವ ಮಾತಿಗೂ ಉತ್ತರ ಸಿದ್ಧವಿರುವ ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮಾಲಕರ ಕಡೆ ನೋಡಿದ, ಬಟ್ಟೆಯ ಮೇಲಿನ ಎಳ್ಳಿನ ಕಡೆ ನೋಡಿದ, ಕಣ್ಣು ಕೆಳಗೆ ಹಾಕಿದ. ಅವನಿಗೆ ಮಾತು ತಪ್ಪಿದ್ದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಕಂಡಿರಲಿಲ್ಲ. ಕಾಣಬೇಕೆಂದು ಎಷ್ಟೋ ಸಲ ಬಯಸಿದ್ದೆ. ಕಂಡೆ, ಆದರೆ ಖುಷಿಯಾಗಲಿಲ್ಲ.